ಮೊದಲು ಕೂಲಿ ಲೆಕ್ಕ, ಆಮೇಲೆ ಕಾರ್ಪೆಟ್: ಬೈಲಕುಪ್ಪೆಯ ಟಿಬೆಟನ್ ನೇಕಾರರ ಜೊತೆ ಕೆಲಸ ಮಾಡುವವರಿಗೆ

ಕುಶಾಲನಗರದಲ್ಲಿ ನಮ್ಮದು ಪರದೆ, ಬೆಡ್‌ಶೀಟು, ಸೋಫಾ ಕವರುಗಳ ಅಂಗಡಿ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ ಶುರು. ಕೊಪ್ಪ ಕಳೆದರೆ ಬೈಲಕುಪ್ಪೆ, ಟಿಬೆಟನ್ ನಿರಾಶ್ರಿತರ ವಸತಿ. ಅಲ್ಲಿನ ಕ್ಯಾಂಪುಗಳಲ್ಲಿ ಟಿಬೆಟನ್ ಹೆಂಗಸರು ಕೈಯಲ್ಲಿ ನೇಯುವ ಉಣ್ಣೆ ಕಾರ್ಪೆಟ್ಟಿಗೆ ಆರ್ಡರ್ ಹಿಡಿಯುವುದು, ಅಳತೆ ಬಣ್ಣ ಗೊತ್ತು ಮಾಡುವುದು, ದುಡ್ಡು ತಡವಾಗದ ಹಾಗೆ ನೋಡಿಕೊಳ್ಳುವುದು, ಇಷ್ಟು ನನ್ನ ಕೆಲಸ. ಅಂಗಡಿಯ ಪಕ್ಕದಲ್ಲೇ ಇದನ್ನೂ ಮಾಡಿಕೊಂಡು ಬಂದಿದ್ದೇನೆ.

"ನಾವೂ ಇವರಿಗೆ ಏನಾದ್ರೂ ಮಾಡಬೇಕು ಅಂತಿದೆ, ಎಲ್ಲಿಂದ ಶುರು ಮಾಡೋದು?" ಅಂತ ಬೆಂಗಳೂರು, ಮೈಸೂರಿನಿಂದ ಬಂದವರು ಕೇಳುತ್ತಿರುತ್ತಾರೆ. ಹೆಚ್ಚಿನವರು ಯೋಚಿಸಿಕೊಂಡು ಬಂದಿರುವುದು ಒಂದು ತರಬೇತಿ ಶಿಬಿರ, ಇಲ್ಲವೇ ಡಿಸೈನ್ ವರ್ಕ್‌ಶಾಪ್, ಅದೂ ಇಲ್ಲದಿದ್ದರೆ ಒಂದು ವೆಬ್‌ಸೈಟು. ಬೇಡ ಅಂತಲ್ಲ. ಆದರೆ ಮೂವತ್ತು ವರ್ಷ ಮಗ್ಗದ ಮುಂದೆ ಕೂತ ಅಮಾಲಾಗೆ (ಕ್ಯಾಂಪಿನಲ್ಲಿ ಹಿರಿಯ ಹೆಂಗಸರನ್ನು ನಾವೆಲ್ಲ ಕರೆಯುವುದು ಹೀಗೇ, ಅಮ್ಮ ಅಂದ ಹಾಗೆ) ಯಾರೂ ನೇಯ್ಗೆ ಕಲಿಸಬೇಕಾಗಿಲ್ಲ. ಅವರಿಗೆ ಇರುವ ಕಷ್ಟ ಬೇರೆ. ಉಣ್ಣೆ ಕೊಂಡ ದಿನದಿಂದ ಕಾರ್ಪೆಟ್ ಮಾರಿ ಕೈಗೆ ದುಡ್ಡು ಬರುವ ದಿನದವರೆಗೆ ವಾರಗಟ್ಟಲೆ ಆಗುತ್ತೆ. ಅಷ್ಟು ದಿನ ಮನೆ ನಡೆಯಬೇಕಲ್ಲ? ಆ ಭಾರವನ್ನು ನೇಕಾರಳ ತಲೆಯ ಮೇಲಿಂದ ಇಳಿಸಿದರೆ ಅರ್ಧ ಕೆಲಸ ಆಯ್ತು. ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಮ್ಮಿ ಅದನ್ನು ಮಾಡುವ ದಾರಿಯೇ.

ಸ್ವಲ್ಪ ಹಿನ್ನೆಲೆ

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಡಲು ಒಪ್ಪಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಾಗ ಇಲ್ಲಿ ಇದ್ದದ್ದು ಕಾಡು. ಆಮೇಲೆ 1966ರಲ್ಲಿ ಮುಂಡಗೋಡು, ಎಪ್ಪತ್ತರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹೀಗೆ ಬೇರೆ ವಸತಿಗಳೂ ಆದವು. ಮಳೆ ನಂಬಿಕೊಂಡು ಮುಸುಕಿನ ಜೋಳ ಬೆಳೆದು ಬದುಕುವುದು ಕಷ್ಟ ಅಂತ ಬೇಗ ಗೊತ್ತಾಯ್ತು. ಹಾಗಾಗಿ ಕ್ಯಾಂಪುಗಳಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಕಾರ್ಪೆಟ್ ಕೇಂದ್ರಗಳನ್ನು ತೆರೆದರು. ಇದೇ ಪ್ರಯೋಗ ಡಾರ್ಜಿಲಿಂಗಿನಲ್ಲಿ 1959ರಲ್ಲೇ ಶುರುವಾಗಿತ್ತು. ನೇಪಾಳದ ಜಾವಲಾಖೇಲ್‌ನಲ್ಲಿ ಸ್ವಿಸ್ ಜನರ ನೆರವಿನಿಂದ ನಡೆಯಿತು.

ನೇಪಾಳದ ಕಥೆಯನ್ನು ಈ ಕೆಲಸಕ್ಕೆ ಇಳಿಯುವವರು ತಿಳಿದಿರಬೇಕು. ನಿರಾಶ್ರಿತರ ಮಗ್ಗದಲ್ಲಿ ಹುಟ್ಟಿದ ಕಸುಬು ಎಂಬತ್ತರ ದಶಕದ ಹೊತ್ತಿಗೆ ಆ ದೇಶದ ದೊಡ್ಡ ರಫ್ತು ಉದ್ಯಮ ಆಯ್ತು. ಜರ್ಮನಿ ಮುಖ್ಯ ಗಿರಾಕಿ. ಆರ್ಡರ್ ಬಂದ ವೇಗಕ್ಕೆ ಕಾರ್ಖಾನೆಗಳು ಎದ್ದವು, ಮಕ್ಕಳನ್ನು ಕೂರಿಸಿದರು, ಗುಣಮಟ್ಟ ಇಳಿಯಿತು. ತೊಂಬತ್ತರ ದಶಕದಲ್ಲಿ ಬಾಲಕಾರ್ಮಿಕರ ವಿಷಯ ಹೊರಗೆ ಬಂದು ಮಾರುಕಟ್ಟೆ ಕುಸಿಯಿತು. ಮಕ್ಕಳ ದುಡಿಮೆ ಇಲ್ಲದ ಕಾರ್ಪೆಟ್ಟಿಗೆ ಗುರುತು ಚೀಟಿ ಹಾಕುವ ರಗ್‌ಮಾರ್ಕ್ ಹುಟ್ಟಿದ್ದು ಆ ಕಾಲದಲ್ಲೇ. ಒಂದೇ ಸಲ ಐನೂರು ಪೀಸ್ ಆರ್ಡರ್ ತರುತ್ತೇನೆ ಅನ್ನುವವರು ಬಂದಾಗ ನಾನು ಕುರ್ಚಿ ಕೊಡುತ್ತೇನೆ, ಟೀ ಕೊಡುತ್ತೇನೆ, ಆರ್ಡರ್ ತಗೊಳ್ಳಲ್ಲ.

ಮೊದಲು ಯಾರನ್ನು ಕಾಣಬೇಕು

ನೇರವಾಗಿ ಮನೆಗೆ ನುಗ್ಗಬೇಡಿ. ಪ್ರತಿ ವಸತಿಗೂ ಟಿಬೆಟನ್ನರದೇ ಒಬ್ಬ ಸೆಟಲ್‌ಮೆಂಟ್ ಆಫೀಸರ್ ಇರುತ್ತಾರೆ, ಸಹಕಾರ ಸಂಘ ಇರುತ್ತೆ, ಪ್ರತಿ ಕ್ಯಾಂಪಿಗೂ ಒಬ್ಬ ಮುಖಂಡರು ಇರುತ್ತಾರೆ. ಈ ಮೂವರಿಗೆ ಗೊತ್ತಿಲ್ಲದೆ ಶುರುವಾದ ಕೆಲಸ ಕ್ಯಾಂಪಿನಲ್ಲಿ ನಿಲ್ಲುವುದಿಲ್ಲ. ಯಾರಾದರೂ ಒಬ್ಬ ನೇಕಾರಳಿಗೆ ನೀವು ಗುಟ್ಟಾಗಿ ಜಾಸ್ತಿ ಕೂಲಿ ಕೊಟ್ಟರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತೆ. ಆಮೇಲೆ ಅವಳಿಗೇ ಕಷ್ಟ.

ಭಾಷೆಯ ಚಿಂತೆ ಬೇಡ. ಇಲ್ಲೇ ಹುಟ್ಟಿ ಬೆಳೆದವರಿಗೆ ಪಿರಿಯಾಪಟ್ಟಣ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಚೆನ್ನಾಗೇ ಬರುತ್ತೆ. ನಾನು ಹೋದರೆ "ಅಕ್ಕಾ, ಊಟ ಆಯ್ತಾ?" ಅಂತಲೇ ಮಾತು ಶುರು. ತೀರಾ ವಯಸ್ಸಾದವರ ಹತ್ತಿರ ಮಾತ್ರ ಮಗಳೋ ಮೊಮ್ಮಗನೋ ನಡುವೆ ಬೇಕಾಗುತ್ತೆ. ಮೊದಲ ಭೇಟಿಯಲ್ಲಿ ಕಾರ್ಪೆಟ್ ಬಗ್ಗೆ ಮಾತಾಡದಿದ್ದರೂ ಪರವಾಗಿಲ್ಲ. ಬೆಣ್ಣೆ ಟೀ ಕೊಟ್ಟರೆ ಬೇಡ ಅನ್ನಬೇಡಿ. ಉಪ್ಪು ಹಾಕಿರುತ್ತಾರೆ, ಟೀ ಅಂದುಕೊಂಡು ಕುಡಿದರೆ ಗಂಟಲಲ್ಲಿ ಇಳಿಯಲ್ಲ. ಸೂಪ್ ಅಂದುಕೊಂಡು ಕುಡಿಯಿರಿ.

ಮಗ್ಗದ ಮುಂದೆ ಒಂದು ಇಡೀ ದಿನ ಕೂತು ನೋಡಿ

ಇದನ್ನು ತಪ್ಪಿಸಬೇಡಿ. ಕೆಲಸ ಹೇಗೆ ಸಾಗುತ್ತೆ ಅಂತ ಕಣ್ಣಾರೆ ಕಾಣದೆ ಬೆಲೆ ಕಟ್ಟೋಕೆ ಆಗಲ್ಲ.

ಟಿಬೆಟನ್ ಕಾರ್ಪೆಟ್ ಮಗ್ಗ ನೆಟ್ಟಗೆ ನಿಂತಿರುತ್ತೆ. ಹಾಸು ಹತ್ತಿ ನೂಲಿನದು, ಮೇಲಿಂದ ಕೆಳಕ್ಕೆ ಬಿಗಿದಿರುತ್ತಾರೆ. ನೇಕಾರಳು ಅದರ ಎದುರು ಕೂತು ಒಂದು ಉದ್ದನೆಯ ಕಬ್ಬಿಣದ ಸರಳನ್ನು ಹಾಸಿನ ಮೇಲೆ ಅಡ್ಡ ಹಿಡಿಯುತ್ತಾಳೆ. ಉಣ್ಣೆ ನೂಲನ್ನು ಹಾಸಿನ ಎಳೆಗಳಿಗೆ ಸುತ್ತಿ, ಅದೇ ನೂಲನ್ನು ಸರಳಿನ ಮೇಲಿಂದ ತಂದು, ಮತ್ತೆ ಪಕ್ಕದ ಎಳೆಗಳಿಗೆ ಸುತ್ತುತ್ತಾಳೆ. ಒಂದೊಂದು ಗಂಟಿಗೂ ನೂಲು ಕತ್ತರಿಸುವುದಿಲ್ಲ. ಬಣ್ಣ ಬದಲಾಗುವವರೆಗೆ ಒಂದೇ ನೂಲು ಓಡುತ್ತೆ. ಸಾಲು ಮುಗಿದಾಗ ಸರಳಿನ ಮೇಲೆ ಉಣ್ಣೆಯ ಕುಣಿಕೆಗಳು ಒತ್ತಾಗಿ ಕೂತಿರುತ್ತವೆ. ಸುತ್ತಿಗೆಯಲ್ಲಿ ಬಡಿಯುತ್ತಾರೆ. ಕುಣಿಕೆಗಳ ನೆತ್ತಿಯ ಮೇಲೆ ಚಾಕು ಎಳೆಯುತ್ತಾರೆ. ಚರ್ ಅಂತ ಸದ್ದಾಗಿ ಸರಳು ಕೈಗೆ ಬಿಡಿಸಿಕೊಂಡು ಬರುತ್ತೆ, ಕತ್ತರಿಸಿದ ತುದಿಗಳು ಬ್ರಷ್ಷಿನ ಕೂದಲಿನ ಹಾಗೆ ಎದ್ದು ನಿಲ್ಲುತ್ತವೆ. ಆಮೇಲೆ ಹೊಕ್ಕು (ಅಡ್ಡ ಎಳೆ) ಹಾಕಿ ಬಾಚಣಿಗೆಯಂಥ ಸಲಕರಣೆಯಲ್ಲಿ ಬಿಗಿಯುವುದು, ಮತ್ತೆ ಸರಳು.

ಮಗ್ಗದಿಂದ ಇಳಿಸಿದಮೇಲೂ ಕೆಲಸ ಇದೆ. ಮೇಲ್ಮೈಯನ್ನು ದೊಡ್ಡ ಕತ್ತರಿಯಲ್ಲಿ ಸಮ ಮಾಡಬೇಕು. ಹೂವಿನ, ಡ್ರ್ಯಾಗನ್ನಿನ ಅಂಚಿನ ಸುತ್ತ ಉಣ್ಣೆಯನ್ನು ಓರೆಯಾಗಿ ಕತ್ತರಿಸಿ ಚಿತ್ರ ಉಬ್ಬಿ ಕಾಣುವ ಹಾಗೆ ಮಾಡಬೇಕು. ನಮ್ಮ ಹಿರಿಯ ಅಮಾಲಾ ಒಬ್ಬರು ಈ ಅಂಚು ಬಿಡಿಸುವಾಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಒಂದು ಸಲ ಕತ್ತರಿ ಆಳಕ್ಕೆ ಹೋದರೆ ವಾಪಸ್ ತರೋಕೆ ಆಗಲ್ಲ ನೋಡಿ. ಕೊನೆಗೆ ತೊಳೆಯುವುದು, ಒಣಗಿಸುವುದು.

ಹೋದಾಗ ಜಾಗವನ್ನೂ ಗಮನಿಸಿ. ಬೆಳಕು ಎಲ್ಲಿಂದ ಬರುತ್ತೆ? ಉಣ್ಣೆಯ ಧೂಳು ಹೊರಗೆ ಹೋಗೋಕೆ ಕಿಟಕಿ ಇದೆಯಾ? ಕೂರುವ ಹಲಗೆ ಎಷ್ಟು ಎತ್ತರ? ನೀವು ದುಡ್ಡು ಹಾಕಲೇಬೇಕು ಅಂತಿದ್ದರೆ ಹೊಸ ಮಗ್ಗಕ್ಕೆ ಮುಂಚೆ ಒಳ್ಳೆ ಬಲ್ಬಿಗೆ, ಬೆನ್ನಿಗೆ ಒರಗು ಇರುವ ಆಸನಕ್ಕೆ, ಕನ್ನಡಕಕ್ಕೆ ಹಾಕಿ. ನಲವತ್ತೈದು ದಾಟಿದ ನೇಕಾರಳಿಗೆ ಹೊಸ ಕನ್ನಡಕ ಬಂದಮೇಲೆ ಗಂಟುಗಳು ಎಷ್ಟು ನೇರವಾಗಿ ಬರುತ್ತವೆ ಅಂತ ನೀವೇ ನೋಡಿ.

ಕೂಲಿ ಲೆಕ್ಕ

ಈಗ ಪೆನ್ನು ಹಿಡಿಯಿರಿ. ಕ್ಯಾಂಪಿನಲ್ಲಿ ಹೆಚ್ಚಾಗಿ ನೇಯುವ ಅಳತೆ 3 ಅಡಿ ಅಗಲ, 6 ಅಡಿ ಉದ್ದ. ಟಿಬೆಟನ್ನರು ಇದನ್ನು ಖಾದೆನ್ ಅನ್ನುತ್ತಾರೆ. ಗೋಡೆ ಪಕ್ಕದ ಮಂಚದ ಮೇಲೆ ಹಾಸಿ ಹಗಲು ಕೂರುವುದು, ರಾತ್ರಿ ಮಲಗುವುದು. ಸಾಮಾನ್ಯ ಗುಣಮಟ್ಟ ಅಂದರೆ ಒಂದು ಚದರ ಇಂಚಿಗೆ 60 ಗಂಟು. 80, 100 ಗಂಟಿನದೂ ಇದೆ. 60ರದ್ದೇ ಹಿಡಿದರೆ ಒಂದು ಚದರ ಅಡಿಗೆ 8,640 ಗಂಟು. 18 ಚದರ ಅಡಿಯ ಖಾದೆನ್‌ಗೆ 1,55,520 ಗಂಟು. ಅದೇ 100 ಗಂಟಿನದಾದರೆ 2,59,200.

ಗಿರಾಕಿಗೆ ಈ ಸಂಖ್ಯೆ ಹೇಳಿ ನೋಡಿ, ಚೌಕಾಸಿ ತಾನಾಗೇ ನಿಲ್ಲುತ್ತೆ.

ನಿಮ್ಮ ನೇಕಾರಳು ದಿನಕ್ಕೆ ಎಷ್ಟು ನೇಯುತ್ತಾಳೆ ಅಂತ ಅವಳನ್ನು ಕೇಳಬೇಡಿ. ಮರ್ಯಾದೆಗೆ ಜಾಸ್ತಿ ಹೇಳುತ್ತಾರೆ. ಮಗ್ಗದ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ತೂಗು ಹಾಕಿ, ದಿನದ ಕೊನೆಗೆ ಎಷ್ಟು ಇಂಚು ಏರಿತು ಅಂತ ಅವಳೇ ಬರೆಯಲಿ. ಎರಡು ವಾರದಲ್ಲಿ ನಿಜವಾದ ಸರಾಸರಿ ಸಿಗುತ್ತೆ. ದೀಪ ಹಚ್ಚುವ ಪೂಜೆ, ಮೊಮ್ಮಗುವಿನ ಜ್ವರ, ಕರೆಂಟ್ ಹೋದ ಮಧ್ಯಾಹ್ನ, ಎಲ್ಲ ಅದರಲ್ಲಿ ಸೇರಿಕೊಂಡಿರುತ್ತೆ.

ಲೆಕ್ಕ ತೋರಿಸೋಕೆ ಒಂದು ಉದಾಹರಣೆ ಹಾಕುತ್ತೇನೆ. ಇವು ನಿಮ್ಮೂರಿನ ದರ ಅಲ್ಲ, ಲೆಕ್ಕದ ದಾರಿ ಅಷ್ಟೆ. ದಿನಕ್ಕೆ ಒಂದು ಚದರ ಅಡಿ ಅಂದುಕೊಳ್ಳಿ, ದಿನಗೂಲಿ 600 ರೂಪಾಯಿ. 18 ದಿನಕ್ಕೆ 10,800. ಉಣ್ಣೆ 6 ಕೆಜಿ, ಕೆಜಿಗೆ 500ರಂತೆ 3,000. ಹತ್ತಿ ನೂಲು, ಬಣ್ಣ, ಕತ್ತರಿ ಕೆಲಸ, ತೊಳೆಯುವುದು ಎಲ್ಲ ಸೇರಿ 1,700. ಒಟ್ಟು 15,500. ಸಂಘದ ಖರ್ಚಿಗೆ ನೂರಕ್ಕೆ ಹತ್ತು, 1,550. ಅಲ್ಲಿಗೆ 17,050. ಮಾರುವ ಅಂಗಡಿಗೆ ಅದರ ಮೇಲೆ ನೂರಕ್ಕೆ ಇಪ್ಪತ್ತು ಇಟ್ಟರೆ 20,460. ತೆರಿಗೆ, ಸಾಗಾಟ ಬೇರೆ.

ತುಂಬಾ ಜನ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ. "ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕಿಂತ ಜಾಸ್ತಿ ಹೋಗಲ್ಲ" ಅಂತ ಮೇಲಿನಿಂದ ಶುರು ಮಾಡಿ ಒಂದೊಂದೇ ಕಳೆಯುತ್ತಾ ಬರುತ್ತಾರೆ. ಉಣ್ಣೆ ಅಂಗಡಿಯವನು ಬಿಡಲ್ಲ, ಕೊರಿಯರ್‌ನವನು ಬಿಡಲ್ಲ. ಕೊನೆಗೆ ಕಡಿಮೆ ಆಗುವುದು ಕೂಲಿ ಒಂದೇ. ಕೂಲಿಯಿಂದ ಶುರು ಮಾಡಿ ಕಟ್ಟಿದ ಬೆಲೆಗೆ ಮಾರೋಕೆ ಆಗದಿದ್ದರೆ ಆ ಗಿರಾಕಿ ನಿಮ್ಮ ಗಿರಾಕಿ ಅಲ್ಲ, ಅಷ್ಟೆ. ಸುತ್ತಮುತ್ತಲ ಶುಂಠಿ ಹೊಲದಲ್ಲಿ, ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಸಿಗುವ ಕೂಲಿಗಿಂತ ಮಗ್ಗದ ಕೂಲಿ ಕಡಿಮೆ ಆದರೆ ಯಾರು ಕೂರುತ್ತಾರೆ ಹೇಳಿ?

ದುಡ್ಡು ಕೊಡುವ ಕ್ರಮ ಹೀಗಿಟ್ಟುಕೊಳ್ಳಿ. ಆರ್ಡರ್ ಕೊಡುವಾಗ ಗಿರಾಕಿ ಅರ್ಧ ದುಡ್ಡು ಕೊಡಬೇಕು. ಅದರಲ್ಲಿ ಉಣ್ಣೆ ಬರುತ್ತೆ, ಮೊದಲ ವಾರಗಳ ಕೂಲಿ ಬರುತ್ತೆ. ನೇಕಾರಳಿಗೆ ಪ್ರತಿ ಶನಿವಾರ, ಆ ವಾರ ಎಷ್ಟು ಚದರ ಅಡಿ ಏರಿತೋ ಅಷ್ಟಕ್ಕೆ ಕೈಯಲ್ಲಿ ದುಡ್ಡು. ಕಾರ್ಪೆಟ್ ಮಾರಿಹೋದಮೇಲೆ ಅಲ್ಲ. ಗಿರಾಕಿ ಕೊನೆಯ ಕಂತು ತಡ ಮಾಡಿದರೆ ಅದು ಸಂಘದ ತಲೆನೋವು, ಇಲ್ಲವೇ ನಿಮ್ಮದು. ಇದಕ್ಕೆ ಒಂದು ಚಿಕ್ಕ ದುಡ್ಡಿನ ಗಂಟು ಬೇಕು. ನೀವು ದಾನ ಕೊಡಬೇಕು ಅಂತಿದ್ದರೆ ಇಲ್ಲಿ ಕೊಡಿ: ಹೊಲಿಗೆ ಮಿಷಿನ್ ಅಲ್ಲ, ಕಂಪ್ಯೂಟರ್ ಅಲ್ಲ, ನಾಲ್ಕೈದು ಕಾರ್ಪೆಟ್ಟಿನ ಕೂಲಿ ಮತ್ತು ಉಣ್ಣೆಗೆ ಸಾಲುವ ಸುತ್ತು ನಿಧಿ. ಪ್ರತಿ ಕಾರ್ಪೆಟ್ ಮಾರಿದಾಗ ಅದು ವಾಪಸ್ ತುಂಬುತ್ತೆ. ಖಾತೆ ಸಂಘದ ಹೆಸರಿನಲ್ಲಿರಲಿ, ಪಾಸ್‌ಬುಕ್ಕು ನೇಕಾರರೂ ನೋಡುವ ಹಾಗಿರಲಿ.

ಉಣ್ಣೆ, ಬಣ್ಣ, ಚಿತ್ರ

ಹಳೆಯ ಕಾಲದಲ್ಲಿ ಟಿಬೆಟ್ಟಿನ ಎತ್ತರದ ಕುರಿಗಳ ಉಣ್ಣೆ. ಉದ್ದ ಎಳೆ, ಒಳ್ಳೆ ಹೊಳಪು. ಭಾರತದ ಕಾರ್ಪೆಟ್ ಕಸುಬಿನಲ್ಲಿ ಈಗ ಬಿಕಾನೇರ್ ಕಡೆಯ ಉಣ್ಣೆಗೆ ನ್ಯೂಜಿಲೆಂಡ್ ಉಣ್ಣೆ ಬೆರೆಸಿದ ನೂಲು ಸಾಮಾನ್ಯ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ನೂಲಿನಲ್ಲಿ ಅಕ್ರಿಲಿಕ್ ಬೆರೆತಿರಬಹುದು. ಒಂದೆಳೆ ಸುಟ್ಟು ನೋಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತೆ.

"ನಮ್ಮ ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆಯನ್ನೇ ಬಳಸಬಹುದಲ್ವಾ?" ಅಂತ ಕೇಳುವವರಿದ್ದಾರೆ. ದಖನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತೆ. ಮಲಗುವ ಖಾದೆನ್‌ಗೆ ಆಗಿಬರಲ್ಲ. ನೆಲಕ್ಕೆ ಹಾಸುವ ದಪ್ಪನೆಯ ಚಾಪೆಗೆ ಅದರ ಕಪ್ಪು, ಕಂದು ಬಣ್ಣ ಚೆನ್ನಾಗೇ ಕಾಣುತ್ತೆ. ಯಾರಾದರೂ ಮನಸ್ಸು ಮಾಡಿದರೆ ಒಳ್ಳೆಯ ಜೋಡಿ ಆದೀತು.

ಒಂದು ಕಾರ್ಪೆಟ್ಟಿಗೆ ಬೇಕಾದ ಒಂದು ಬಣ್ಣದ ನೂಲನ್ನು ಒಂದೇ ಹಂಡೆಯಲ್ಲಿ ಅದ್ದಿಸಿ. ಎರಡನೇ ಸಲ ಅದ್ದಿದ ಕೆಂಪು ಎಂದೂ ಮೊದಲಿನ ಕೆಂಪಿಗೆ ಸರಿಯಾಗಿ ಕೂರುವುದಿಲ್ಲ. ಬಿಸಿಲಿನಲ್ಲಿ ಹರಡಿದಾಗ ಗೆರೆ ಎದ್ದು ಕಾಣುತ್ತೆ. ಪ್ರತಿ ಬಣ್ಣದಲ್ಲೂ ಒಂದು ಹಿಡಿ ನೂಲು ಎತ್ತಿಡಿ. ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಚಿತ್ರದ ವಿಷಯದಲ್ಲಿ ಹುಷಾರು. ಡ್ರ್ಯಾಗನ್, ಹಿಮಸಿಂಹ, ಕಮಲ, ಹುಲಿಪಟ್ಟೆ, ಮೋಡದ ಅಂಚು ಇವೆಲ್ಲ ಹಳೆಯ ಚಿತ್ರಗಳೇ. ಬಣ್ಣ ಕಡಿಮೆ ಮಾಡಿ, ನಡುವೆ ಜಾಗ ಬಿಟ್ಟು, ಅಂಚಿನಲ್ಲಿ ಮಾತ್ರ ಒಂದು ಪಟ್ಟಿ ಇಟ್ಟರೆ ಬೆಂಗಳೂರಿನ ಫ್ಲ್ಯಾಟಿಗೆ ಹೊಂದುತ್ತೆ. ನೇಕಾರರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಬದಲಾವಣೆ ಅವರಿಗೆ ಹೊಸದೇನಲ್ಲ. ಆದರೆ ಬುದ್ಧನ ಮುಖ ಇರುವ ಕಾಲೊರೆಸು ಬೇಕು, ಬಾಗಿಲಿಗೆ ಹಾಕೋಕೆ ಮಣಿ ಮಂತ್ರ (ಓಂ ಮಣಿ ಪದ್ಮೇ ಹೂಂ) ಬರೆದ ಮ್ಯಾಟ್ ಬೇಕು ಅಂತ ಕೇಳುವವರು ಬರುತ್ತಾರೆ. ಅಂಥ ಆರ್ಡರನ್ನು ನೇಕಾರರವರೆಗೂ ತಗೊಂಡು ಹೋಗಬೇಡಿ. ಅವರು ಸಂಕೋಚಕ್ಕೆ "ಆಗಲಿ" ಅಂದಾರು, ಒಳಗೆ ನೋವಿರುತ್ತೆ. ಅಂಗಡಿಯಲ್ಲೇ ನೀವೇ ಇಲ್ಲ ಅಂದುಬಿಡಿ. ಗಣಪತಿಯನ್ನು ಡೋರ್‌ಮ್ಯಾಟ್ ಮಾಡಿ ಕೊಡ್ತೀರಾ ಅಂತ ತಿರುಗಿ ಕೇಳಿದರೆ ತಕ್ಷಣ ಅರ್ಥವಾಗುತ್ತೆ.

ಯಾವಾಗ ನೇಯುವುದು

ಇದನ್ನು ಯಾರೂ ಹೇಳಿಕೊಡಲ್ಲ. ಕ್ಯಾಂಪಿನ ಎಷ್ಟೋ ಮನೆಗಳ ವರ್ಷದ ಆದಾಯ ಬರುವುದು ಸ್ವೆಟರ್ ವ್ಯಾಪಾರದಿಂದ. ಲುಧಿಯಾನದಿಂದ ಮಾಲು ತರಿಸಿ, ಅಕ್ಟೋಬರ್ ಹೊತ್ತಿಗೆ ಊರೂರಿಗೆ ಹೋಗಿ ಫುಟ್‌ಪಾತಿನಲ್ಲೋ ಮೈದಾನದಲ್ಲೋ ಅಂಗಡಿ ಹಾಕುತ್ತಾರೆ. ವಾಪಸ್ ಬರುವುದು ಚಳಿ ಮುಗಿದಮೇಲೆ. ಫೆಬ್ರವರಿ, ಮಾರ್ಚ್ ಸುಮಾರಿಗೆ ಲೋಸಾರ್, ಅವರ ಹೊಸ ವರ್ಷ. ಆಗ ಮಗ್ಗದ ಮಾತೇ ಎತ್ತಬೇಡಿ. ನೀವು ದೀಪಾವಳಿ ಮಾರಾಟಕ್ಕೆ ಅಂತ ಅಕ್ಟೋಬರಿನಲ್ಲಿ ಆರ್ಡರ್ ತಗೊಂಡು ಬಂದರೆ ಮನೆಗೆ ಬೀಗ ಇರುತ್ತೆ.

ಹಾಗಾಗಿ ಆರ್ಡರ್ ಹಿಡಿಯುವುದು ಚಳಿಗಾಲದಲ್ಲಿ, ನೇಯುವುದು ಲೋಸಾರ್ ಆದಮೇಲೆ. ಮೇ ಒಳಗೆ ಇಳಿಸಿದ್ದನ್ನು ತೊಳೆದುಬಿಡಿ. ಜೂನ್ ಬಂತು ಅಂದರೆ ಕೊಡಗಿನ ಮಳೆಯ ಗಾಳಿ ಇಲ್ಲಿಗೂ ಬರುತ್ತೆ. ಆರು ಕೆಜಿ ಉಣ್ಣೆ ನೀರು ಕುಡಿದರೆ ಒಣಗೋಕೆ ವಾರ ಬೇಕು, ಅಷ್ಟರಲ್ಲಿ ಮುಗ್ಗಲು ವಾಸನೆ. ಮಳೆಗಾಲದಲ್ಲಿ ನೇಯ್ದದ್ದನ್ನು ಬಿಸಿಲು ಬರುವವರೆಗೆ ತೊಳೆಯದೆ ಸುರುಳಿ ಸುತ್ತಿ ಎತ್ತರದಲ್ಲಿಡಿ, ನೆಲಕ್ಕೆ ತಾಗಬಾರದು. ನುಸಿಗೆ ಒಣ ಬೇವಿನ ಸೊಪ್ಪು ಸಾಕು. ನಮ್ಮ ಕಡೆ ಧಾರಾಳವಾಗಿ ಸಿಗುತ್ತೆ ಅಂತ ಹೊಗೆಸೊಪ್ಪು ಇಡಬೇಡಿ. ನುಸಿ ಓಡುತ್ತೆ, ಗಿರಾಕಿಯೂ ಓಡುತ್ತಾನೆ.

ಸ್ವೆಟರ್ ವ್ಯಾಪಾರಕ್ಕೆ ಎದುರಾಗಿ ನಿಲ್ಲೋಕೆ ಹೋಗಬೇಡಿ. ಅದು ಅವರು ಕಷ್ಟಪಟ್ಟು ಕಟ್ಟಿಕೊಂಡ ದಾರಿ. ಊರು ಬಿಟ್ಟು ಹೋಗಲಾಗದವರು, ವಯಸ್ಸಾದವರು, ಚಿಕ್ಕ ಮಕ್ಕಳಿರುವವರು ಕ್ಯಾಂಪಿನಲ್ಲೇ ಉಳಿಯುತ್ತಾರಲ್ಲ, ಕಾರ್ಪೆಟ್ ಮೊದಲು ಅವರ ಕೆಲಸ.

ಯಾರಿಗೆ ಮಾರುವುದು

ಗೋಲ್ಡನ್ ಟೆಂಪಲ್ ಅಂತ ಎಲ್ಲರೂ ಕರೆಯುವ ನಾಮ್‌ಡ್ರೋಲಿಂಗ್ ಮಠಕ್ಕೆ ರಜಾದಿನಗಳಲ್ಲಿ ಬಸ್ಸುಗಟ್ಟಲೆ ಜನ ಬರುತ್ತಾರೆ. ಅಲ್ಲೇ ಕಾರ್ಪೆಟ್ ಮಾರಬಹುದಲ್ಲ ಅಂತ ಯಾರಿಗಾದರೂ ಅನಿಸುತ್ತೆ. ಆಗಲ್ಲ. ಮಡಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ಇಳಿದವರ ಕೈಯಲ್ಲಿರುವುದು ಇನ್ನೂರು ಮುನ್ನೂರು ರೂಪಾಯಿಯ ಮನಸ್ಸು. ಸಣ್ಣದು ಮಾಡೋಣ ಅಂದರೂ ಲೆಕ್ಕ ಬಿಡಲ್ಲ. ಒಂದೂವರೆ ಅಡಿಯ ಚೌಕ ಆಸನಕ್ಕೂ 19,440 ಗಂಟು ಬೇಕು. ಎರಡು ದಿನ ದಾಟಿದ ಕೆಲಸ. ಜೊತೆಗೆ ರಸ್ತೆ ಬದಿಯಲ್ಲಿ ಟಿಬೆಟನ್ ಅಂತ ಮಾರುವ ಎಷ್ಟೋ ಸಾಮಾನು ಬೇರೆ ಕಡೆಯ ಸಗಟು ಮಾಲು. ಅದರ ಪಕ್ಕದಲ್ಲಿಟ್ಟರೆ ಅಸಲಿಗೇ ಅನುಮಾನ.

ನಮಗೆ ನಿಜವಾಗಿ ಕೊಳ್ಳುವವರು ಸಿಕ್ಕಿದ್ದು ಬೇರೆ ಕಡೆ. ಕೊಡಗಿನ ಹೋಂಸ್ಟೇ ನಡೆಸುವವರು, ಒಳಾಂಗಣ ವಿನ್ಯಾಸ ಮಾಡುವವರು, ಧ್ಯಾನಕ್ಕೆ ಕೂರುವವರು, ಹೊಸ ಮನೆ ಕಟ್ಟಿದವರು. ಇವರು ಅಳತೆ ಹೇಳುತ್ತಾರೆ, ಕಾಯುತ್ತಾರೆ, ಮುಂಗಡ ಕೊಡುತ್ತಾರೆ. ಗೃಹಪ್ರವೇಶದ ಉಡುಗೊರೆಗೆ ಅಂತ ನಾಲ್ಕು ಜನ ಗೆಳೆಯರು ಸೇರಿ ಕೊಳ್ಳುವುದೂ ಇದೆ.

ಅಂಗಡಿಗೆ ಬಂದವರು ಮೊದಲು ಹೇಳುವ ಮಾತು ಒಂದೇ. "ಮಿಷಿನ್‌ದು ಎರಡೂವರೆ ಸಾವಿರಕ್ಕೆ ಸಿಗುತ್ತಲ್ಲ ಮೇಡಂ?" ವಾದ ಮಾಡಬೇಡಿ. ಕಾರ್ಪೆಟ್ ತಿರುಗಿಸಿ ಹಾಕಿ. ಕೈನೇಯ್ಗೆಯ ಬೆನ್ನಿನಲ್ಲೂ ಅದೇ ಡ್ರ್ಯಾಗನ್ ಕಾಣುತ್ತೆ, ಗಂಟು ಗಂಟಾಗಿ. ಅಗ್ಗದ ಮಿಷಿನ್ ಕಾರ್ಪೆಟ್ಟಿನ ಬೆನ್ನಿಗೆ ಸಾಮಾನ್ಯವಾಗಿ ಅಂಟು, ಇಲ್ಲವೇ ಒರಟು ಬಟ್ಟೆ ಬಳಿದಿರುತ್ತೆ. ಇಂಚುಪಟ್ಟಿ ಕೊಟ್ಟು ಅವರ ಕೈಯಿಂದಲೇ ಒಂದು ಇಂಚಿನ ಗಂಟು ಎಣಿಸಿ. ಎಣಿಸೋಕೆ ಶುರು ಮಾಡಿದವರಲ್ಲಿ ಅರ್ಧ ಜನ ಕೊಳ್ಳುತ್ತಾರೆ ಅಂತ ನನ್ನ ಅಂದಾಜು. ಉಳಿದರ್ಧ ಜನ ಮಿಷಿನ್‌ದೇ ತಗೊಳ್ಳಲಿ ಬಿಡಿ.

ನಿರಾಶ್ರಿತರು ಅಂತ ಹೇಳಬೇಕಾ?

ಅವರನ್ನೇ ಕೇಳಿ. ಐವತ್ತು ವರ್ಷದ ನೇಕಾರಳು ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ. ಅವಳ ಫೋಟೋ ಹಾಕಿ ಕೆಳಗೆ ಕಣ್ಣೀರಿನ ಕಥೆ ಬರೆದರೆ ಅವಳ ಮಗಳು ಬೆಂಗಳೂರಿನ ಆಫೀಸಿನಲ್ಲಿ ಅದನ್ನು ನೋಡುತ್ತಾಳೆ. ಅದೂ ಅಲ್ಲದೆ ಕನಿಕರಕ್ಕೆ ಕೊಂಡವರು ಒಂದು ಕೊಳ್ಳುತ್ತಾರೆ, ಆಮೇಲೆ ಬರಲ್ಲ. ಚೆನ್ನಾಗಿದೆ ಅಂತ ಕೊಂಡವರು ತಂಗಿಗೂ ಹೇಳುತ್ತಾರೆ. ನಮ್ಮ ಚೀಟಿಯಲ್ಲಿ ಇರುವುದು ನೇಕಾರಳ ಹೆಸರು (ಅವಳು ಒಪ್ಪಿದರೆ), ಕ್ಯಾಂಪ್, ಮುಗಿದ ತಿಂಗಳು, ಗಂಟಿನ ಲೆಕ್ಕ, ಉಣ್ಣೆ ಯಾವುದು, ಹೇಗೆ ತೊಳೆಯಬೇಕು. ರಾಜಕೀಯ ಘೋಷಣೆ ಹಾಕಬೇಕಾ ಬೇಡವಾ ಅನ್ನುವುದು ಪೂರ್ತಿ ಅವರ ತೀರ್ಮಾನ.

ಪಶ್ಚಿಮ ಬಂಗಾಳದ ಫುಲಿಯಾ ನೋಡಿ. ದೇಶ ಇಬ್ಭಾಗ ಆದಮೇಲೆ ಪೂರ್ವ ಬಂಗಾಳದ ಟಾಂಗೈಲ್ ಕಡೆಯಿಂದ ಬಂದ ನೇಕಾರರು ಅಲ್ಲಿ ನೆಲೆ ನಿಂತರು, ಸಹಕಾರ ಸಂಘ ಮಾಡಿಕೊಂಡರು. ಇವತ್ತು ಅಂಗಡಿಯಲ್ಲಿ ಟಾಂಗೈಲ್ ಸೀರೆ ಕೇಳುವವರು ನಿರಾಶ್ರಿತರ ಸೀರೆ ಅಂತ ಕೇಳಲ್ಲ. ಅಲ್ಲಿಂದ ಬಂದು ಫುಲಿಯಾದಲ್ಲಿ ಹೆಸರು ಮಾಡಿದ ಬೀರೇನ್ ಕುಮಾರ್ ಬಸಾಕ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಟಿಬೆಟನ್ನರ ಹತ್ತಿರ ಆರ್.ಸಿ. ಅನ್ನುವ ನೋಂದಣಿ ಪುಸ್ತಕ ಇರುತ್ತೆ, ಕಾಲಕಾಲಕ್ಕೆ ನವೀಕರಿಸಬೇಕು. ಬ್ಯಾಂಕ್ ಖಾತೆ ಇದರ ಮೇಲೆ ಆಗುತ್ತೆ. ಹೊಸ ಗುಮಾಸ್ತರಿಗೆ ಇದು ಗೊತ್ತಿರದೆ ವಾಪಸ್ ಕಳಿಸುವುದುಂಟು. ಆಗ ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯ ಪ್ರತಿ ಕೈಯಲ್ಲಿರಲಿ. ಆರ್.ಸಿ. ಆಧಾರದ ಮೇಲೆ ವ್ಯಾಪಾರದ ಪರವಾನಗಿ ಕೊಡಬಹುದು ಅಂತ ಅದರಲ್ಲಿದೆ. ಇನ್ನೊಂದು ವಿಷಯ: 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಹಾಗಾಗಿ ನಿಮ್ಮ ನೇಕಾರರಲ್ಲಿ ಕೆಲವರ ಹತ್ತಿರ ವೋಟರ್ ಕಾರ್ಡೂ ಇರಬಹುದು. ಯಾವ ಕಾಗದ ಇಟ್ಟುಕೊಳ್ಳಬೇಕು ಅನ್ನುವುದು ಅವರಿಗೆ ಸೂಕ್ಷ್ಮ ವಿಷಯ, ನೀವು ಸಲಹೆ ಕೊಡೋಕೆ ಹೋಗಬೇಡಿ. ವಿದೇಶಿ ಸ್ನೇಹಿತರನ್ನು ಕ್ಯಾಂಪಿನಲ್ಲಿ ಉಳಿಸಿಕೊಳ್ಳುವ ಹಾಗಿದ್ದರೆ ಅವರಿಗೆ ಮೊದಲೇ ಅನುಮತಿ ಪತ್ರ ಬೇಕು. ಜಿಎಸ್‌ಟಿ ವಿಷಯಕ್ಕೆ ಒಬ್ಬ ಲೆಕ್ಕಿಗರನ್ನು ಕೇಳಿ. ಬಿಲ್ಲು ಸಂಘದ ಹೆಸರಿನಲ್ಲಿ ಆಗುವುದು ಒಳ್ಳೆಯದು.

ಬೇರೆ ದೇಶದ ನಿರಾಶ್ರಿತರ ಜೊತೆ, ಉದಾಹರಣೆಗೆ ದೆಹಲಿಯ ಅಫ್ಘನ್ ಹೆಂಗಸರ ಜೊತೆ ಕೆಲಸ ಮಾಡುವವರಿಗೆ ಕಾಗದದ ಕಥೆಯೇ ಬೇರೆ. ಅವರ ವಿಷಯ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನೋಡಿಕೊಳ್ಳುತ್ತೆ. ಆ ಸಂಸ್ಥೆಯದೇ ಮೇಡ್51 ಅನ್ನುವ ಮಾರಾಟದ ಯೋಜನೆಯೂ ಇದೆ. ಕೂಲಿ ಲೆಕ್ಕ ಮಾತ್ರ ಅಲ್ಲೂ ಇದೇ.

ಹುಡುಗರು, ಮತ್ತು ಹಳೆ ಕಾರ್ಪೆಟ್

ಹುಡುಗಿಯರು ಮಗ್ಗಕ್ಕೆ ಕೂರುತ್ತಿಲ್ಲ ಅಂತ ದೊಡ್ಡವರು ಕೊರಗುತ್ತಾರೆ. ನೀವು ಅದಕ್ಕೆ ದನಿ ಸೇರಿಸಬೇಡಿ. ನರ್ಸಿಂಗ್ ಓದಿದ ಹುಡುಗಿ ಬೆನ್ನು ಬಗ್ಗಿಸಿ ಗಂಟು ಹಾಕುತ್ತಾ ಕೂರಬೇಕು ಅಂತ ಹೇಳೋಕೆ ನಾವ್ಯಾರು? ಅವರಿಗೆ ಫೋಟೋ ತೆಗೆಯುವುದು, ಗಿರಾಕಿಗೆ ವಾಟ್ಸಾಪಿನಲ್ಲಿ ವಾರವಾರ ಎಷ್ಟು ಏರಿತು ಅಂತ ಚಿತ್ರ ಕಳಿಸುವುದು, ಲೆಕ್ಕದ ಪುಸ್ತಕ ಇವನ್ನು ಕೊಡಿ, ಇದಕ್ಕೂ ಸಂಬಳ ಕೊಡಿ. ಗ್ರಾಫ್ ಕಾಗದದಲ್ಲಿ ಚಿತ್ರ ಬಿಡಿಸುವುದು ಕೆಲವರಿಗೆ ಹಿಡಿಸುತ್ತೆ. ಅದರಿಂದ ಒಬ್ಬಿಬ್ಬರು ಮಗ್ಗದ ಕಡೆ ತಿರುಗಿದರೆ ತಿರುಗಿದರು.

ಇನ್ನು ರಿಪೇರಿ. ಇದು ಒಳ್ಳೆ ಆದಾಯ, ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೊಂಡ ಟಿಬೆಟನ್ ಕಾರ್ಪೆಟ್ಟುಗಳು ಕೊಡಗಿನ ತೋಟದ ಮನೆಗಳಲ್ಲಿ, ಮೈಸೂರಿನ ಹಳೆ ಬಂಗಲೆಗಳಲ್ಲಿ ಇನ್ನೂ ಇವೆ. ಅಂಚು ಬಿಚ್ಚಿರುತ್ತೆ, ಇಲಿ ಕಡಿದಿರುತ್ತೆ, ಸಿಗರೇಟು ಸುಟ್ಟಿರುತ್ತೆ. ಎಸೆಯೋಕೆ ಮನಸ್ಸಿಲ್ಲ, ಎಲ್ಲಿ ಕೊಡಬೇಕು ಗೊತ್ತಿಲ್ಲ. ಮಗ್ಗಕ್ಕೆ ಕೂರಲಾಗದ ಹಿರಿಯರು ಮಡಿಲಲ್ಲಿ ಇಟ್ಟುಕೊಂಡೇ ಈ ಕೆಲಸ ಮಾಡಬಲ್ಲರು. ಕೂಲಿ ಇಂಚಿನ ಲೆಕ್ಕದಲ್ಲಿ, ಮುಂಚೆಯೇ ಹೇಳಿ. ಹೊಸ ಕಾರ್ಪೆಟ್ ಮಾರುವಾಗ ಆಗಲೇ ಹೇಳಿದ ಆ ಒಂದೊಂದು ಹಿಡಿ ನೂಲನ್ನು ಚೀಟಿ ಅಂಟಿಸಿ ಗಿರಾಕಿಗೆ ಕೊಟ್ಟುಬಿಡಿ. ಹತ್ತು ವರ್ಷ ಆದಮೇಲೆ ರಿಪೇರಿಗೆ ಬಂದರೆ ಅದೇ ಬಣ್ಣ ಸಿಗುತ್ತೆ. ಹಳೆಯದನ್ನು ರಿಪೇರಿಗೆ ತರುವವರಿಗೆ ನಾನು ಹೇಳುವುದು ಇಷ್ಟೆ: ತರುವ ಮುಂಚೆ ಬಿಸಿಲಿಗೆ ಹಾಕಿ ಕೊಡವಿ, ತೊಳೆಯಬೇಡಿ, ಹರಿದ ಜಾಗದ ಎರಡು ಫೋಟೋ ಕಳಿಸಿ, ಒಂದು ಮೇಲಿನದು, ಒಂದು ಬೆನ್ನಿನದು.